ಪ್ರಫುಲ್ಲಾ ಬೇಡಿಕೊಂಡ ದೇವಾಲಯ

ಥಾಣೆಯ ಪಕ್ಕದ ಕಳವಾ ಊರಿನ ರೈಲ್ವೆ ಕಾರ್‌ಶೆಡ್ಡಿನ ಹಿಂದಿನ ಚಾಳಿನಲ್ಲಿ ಪ್ರಫುಲ್ಲಾ ಅಮ್ಮನ್ನ ಎಂಬ ಪೂರ್ತಿ ಹೆಸರು ಹೇಳಿ ಕೇಳಿದರೆ ಯಾರೂ ಮನೆ ತೋರಿಸುತ್ತಿರಲಿಲ್ಲ. 'ಹಲೋ ಮೌಶಿ', ಅಂದರೆ ಹಲೋ ಚಿಕ್ಕಮ್ಮ, ಎಂದರೆ ಸಾಕು, ನಲ್ಲಿಯ ಹತ್ತಿರ ನಿಂತ ಹೆಂಗಸರೆಲ್ಲ ಒಟ್ಟಿಗೇ ಕೈ ತೋರಿಸುತ್ತಿದ್ದರು. ತುರ್ಭೆಯ ಒಂದು ಔಷಧಿ ಕಾರ್ಖಾನೆಯಲ್ಲಿ ಆಕೆ ಟೆಲಿಫೋನ್ ಆಪರೇಟರ್. ವರ್ಷಗಟ್ಟಲೆ ಕಿವಿಗೆ ಫೋನು ಹಚ್ಚಿ ಕೂತ ಅಭ್ಯಾಸಕ್ಕೆ, ಮನೆಯ ಬಾಗಿಲು ಯಾರಾದರೂ ತಟ್ಟಿದರೂ ಒಳಗಿನಿಂದ "ಹಲೋ" ಎಂದೇ ಉತ್ತರ ಬರುತ್ತಿತ್ತು.

ಮೂಲ್ಕಿಯ ಕಡೆಯ ಪ್ರಾಟೆಸ್ಟೆಂಟ್ ಮನೆತನ ಅವಳದು. ಮನೆಯೊಳಗೆ ತುಳು, ಚಾಳಿನಲ್ಲಿ ಮರಾಠಿ, ಕೆಲಸದಲ್ಲಿ ಹಿಂದಿ ಮತ್ತು ಇಂಗ್ಲಿಷು. ಕನ್ನಡ ಮಾತ್ರ ದೇವರಿಗೆ. ಅಜ್ಜನ ಕಾಲದಿಂದಲೂ ಹಾಗೆಯೇ: ಜಗಳ ತುಳುವಿನಲ್ಲಿ, ಪ್ರಾರ್ಥನೆ ಕನ್ನಡದಲ್ಲಿ. ಕನ್ನಡದ ಆರಾಧನೆಗೆ ಹೋಗಬೇಕೆಂದರೆ ಲೋಕಲ್ ಹಿಡಿದು ಮುಂಬಯಿಯ ಒಳಗೇ ಹೋಗಬೇಕಿತ್ತು. ಗಂಡ ಶೇಖರ ಥಾಣೆಯಲ್ಲಿ ಫಿಟ್ಟರ್ ಆಗಿದ್ದ. ಭಾನುವಾರವೂ ಎಷ್ಟೋ ಸಲ ಡ್ಯೂಟಿ. ಹಬ್ಬಕ್ಕೆ ಹೋಗಿ ಬಂದರೆ ಅದೇ ದೊಡ್ಡದು. ಮಕ್ಕಳಿರಲಿಲ್ಲ. ಇಬ್ಬರೂ ಅದಕ್ಕೆ ಹೊಂದಿಕೊಂಡಿದ್ದರು.

ಎರಡು ಸಾವಿರನೆಯ ಇಸವಿಯ ಮಳೆಗಾಲದಲ್ಲಿ ಶೇಖರನ ಎದೆ ಒಮ್ಮೆಲೇ ನಿಂತುಹೋಯಿತು. ಥಾಣೆಯ ಮರಾಠಿ ಸಭೆಯ ಪಾಸ್ಟರು ಒಳ್ಳೆಯವರು, ಕರೆದ ಕೂಡಲೇ ಬಂದರು. ಹೂಳುವ ವಿಧಿಯನ್ನೆಲ್ಲ ಮರಾಠಿಯಲ್ಲಿ ಶ್ರದ್ಧೆಯಿಂದ ಮಾಡಿದರು. ಊರಿನಿಂದ ಬಂದಿದ್ದ ಶೇಖರನ ತಾಯಿ ಗುಂಡಿಯ ಅಂಚಿನಲ್ಲಿ ಕೊಡೆ ಹಿಡಿದು ನಿಂತು, ಪ್ರತಿ ಮಾತಿಗೂ ಸೊಸೆಯ ಕೈ ಜಗ್ಗಿ ಕೇಳುತ್ತಿದ್ದರು: "ಆರ್ ದಾದ ಪಂಡೆರ್?" ಅವರು ಏನು ಹೇಳಿದರು? ಪ್ರಫುಲ್ಲಾಳಿಗೆ ತಿಳಿಸುವ ತ್ರಾಣವಿರಲಿಲ್ಲ. ಕೊನೆಗೆ ಪಾಸ್ಟರು, ನಿಮ್ಮದೊಂದು ಹಾಡು ಹೇಳಿ ಎಂದರು. ಅತ್ತೆ ಸೊಸೆ ಇಬ್ಬರೇ ಎತ್ತಿಕೊಂಡರು. ಎರಡನೆಯ ಚರಣಕ್ಕೆ ಅತ್ತೆ ಸೆರಗು ಬಾಯಿಗೊತ್ತಿಕೊಂಡರು. ಅಷ್ಟು ಜನರ ನಡುವೆ ಒಂದೇ ಒಂದು ದನಿಯಲ್ಲಿ ಪ್ರಫುಲ್ಲಾ ಗಂಡನನ್ನು ಕಳಿಸಿಕೊಟ್ಟಳು.

ಆ ದಿನದಿಂದ ಅವಳ ಮನಸ್ಸಿನಲ್ಲಿ ಒಂದು ಆಸೆ ಕೂತುಬಿಟ್ಟಿತು. ಮುಂಬಯಿಗೂ ತಮಗೂ ನಡುವಿನ ಕೊಲ್ಲಿಯ ಈಚೆ ದಡದಲ್ಲಿ, ದುಡಿಯುವವರು ನಡೆದುಕೊಂಡು ಹೋಗಬಹುದಾದ ಜಾಗದಲ್ಲಿ, ಒಂದು ಕನ್ನಡದ ದೇವಾಲಯ ಆಗಬೇಕು.

ಹೇಳಿದರೆ ಜನ ನಕ್ಕರು. ಕೆಲಸದ ಜಾಗದಲ್ಲಿ ಜೊತೆಗೆ ಕೂರುತ್ತಿದ್ದ ನಳಿನಿ ಎಂಬ ಮೈಸೂರಿನವಳು, "ಅಲ್ಲ ಕಣ್ರೀ, ಇಲ್ಲಿ ಮನುಷ್ಯರಿಗೇ ಕಾಲು ಚಾಚೋಕೆ ಜಾಗ ಇಲ್ಲ, ನಿಮ್ಮ ದೇವರಿಗೆ ಎಲ್ಲಿಂದ ತರ್ತೀರಾ?" ಎಂದು ಕೇಳಿದಳು.

"ನಾನು ತರುವುದಲ್ಲ ನಳಿನಿ, ಅವನೇ ತರುವುದು. ಆಗದ್ದನ್ನು ಅಲ್ವಾ ದೇವರ ಹತ್ರ ಕೇಳುವುದು? ಆಗುವುದನ್ನು ನಾವೇ ಮಾಡಿಕೊಳ್ಳಬಹುದು."

ಶುಕ್ರವಾರದ ಮಧ್ಯಾಹ್ನದ ಊಟ ಬಿಟ್ಟಳು. ಡಬ್ಬಿ ಬಿಚ್ಚುವ ಹೊತ್ತಿನಲ್ಲಿ ಕಣ್ಣು ಮುಚ್ಚಿ ಕೂರುವಳು. ಫೋನು ಬಡಿದುಕೊಂಡರೆ ಪ್ರಾರ್ಥನೆಯ ನಡುವೆಯೇ "ಹಲೋ" ಎಂದು ಲೈನು ಜೋಡಿಸಿ ಮತ್ತೆ ಕಣ್ಣು ಮುಚ್ಚುವಳು.

ಭಾನುವಾರ ಸಂಜೆ ತನ್ನ ಒಂದೇ ಖೋಲಿಯಲ್ಲಿ ಕೂಟ ಶುರು ಮಾಡಿದಳು. ಮೊದಲು ಬಂದವರು ಕರಾವಳಿಯ ಕೆಲವರು. ಆಮೇಲೆ ಒಂದು ದಿನ ಕಾರ್ಖಾನೆಯ ಗೇಟಿನಲ್ಲಿ ಲಾರಿಯಿಂದ ಡ್ರಮ್ಮು ಇಳಿಸುತ್ತಿದ್ದ ಹಮಾಲಿಯೊಬ್ಬ ಕನ್ನಡದಲ್ಲಿ 'ಯೇಸಪ್ಪಾ' ಎಂದು ಹಾಡಿಕೊಳ್ಳುವುದು ಅವಳ ಕಿವಿಗೆ ಬಿತ್ತು. ಬೀದರ್ ಕಡೆಯ ಸೈದಪ್ಪ. ಅವನ ಅಜ್ಜನ ಕಾಲಕ್ಕೇ ಊರಿಗೆ ಊರೇ ಕ್ರಿಸ್ತನನ್ನು ನಂಬಿತ್ತಂತೆ. ತುರ್ಭೆಯ ಗುಡ್ಡದ ಬುಡದ ಝೋಪಡಿಗಳಲ್ಲಿ ಅಂಥವರು ಹಲವು ಮನೆ ಇದ್ದರು. ಮುಂದಿನ ವಾರ ಸೈದಪ್ಪ ಹೆಂಡತಿ ಮಕ್ಕಳೊಂದಿಗೆ, ಕಂಕುಳಲ್ಲಿ ಢೋಲಕಿಯೊಂದಿಗೆ ಬಂದ. ಕರಾವಳಿಯವರು ಪುಸ್ತಕ ಹಿಡಿದು ನಾಲ್ಕು ಸ್ವರದಲ್ಲಿ ನಿಧಾನ ಹಾಡಿದರೆ, ಅವನು ಢೋಲಕಿ ಬಡಿಯಲು ತಾಳ ಸಿಗದೆ ಚಡಪಡಿಸಿದ.

"ಅಕ್ಕಾ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಹಾಡು ಛಂದ ಅದಾವ, ಖರೆ ನಿದ್ದಿ ಬರ್ತದ."

"ನಿನ್ನ ಹಾಡಿಗೆ ಪಕ್ಕದ ಮನೆಯವರು ನಿದ್ದೆಯಿಂದ ಏಳ್ತಾರೆ ಮಾರಾಯ."

ಅಂದಿನಿಂದ ಅವರಿಬ್ಬರೂ ಅಕ್ಕ ತಮ್ಮ. ಒಂದು ಹಾಡು ಪುಸ್ತಕದ್ದು, ಒಂದು ಢೋಲಕಿಯದು ಎಂದು ಒಪ್ಪಂದವಾಯಿತು.

ಸೈದಪ್ಪನ ಹಿರಿಯ ಮಗ ಮಯೂರ ಮರಾಠಿ ಶಾಲೆಯ ಹುಡುಗ. ಮನೆಯ ಕನ್ನಡ ತಿಳಿಯುತ್ತಿತ್ತು, ಉತ್ತರ ಹಿಂದಿಯಲ್ಲಿ ಕೊಡುತ್ತಿದ್ದ. ಚುರುಕು ಕಣ್ಣು, ಗಂಟೆಯಂಥ ದನಿ. ಪ್ರಫುಲ್ಲಾ ಅವನನ್ನು ಕೂರಿಸಿಕೊಂಡು ಕನ್ನಡದ ಅಕ್ಷರ ತಿದ್ದಿಸಿದಳು. ಮರಾಠಿಯ ಅಕ್ಷರ ಬಲ್ಲವನಿಗೆ ಅದೇನು ಮಹಾ? ಆ ವರ್ಷದ ಕ್ರಿಸ್ಮಸ್ಸಿಗೆ ಎದ್ದು ನಿಂತು ವಾಕ್ಯ ಓದಿದ. ಒಂದೂ ತಪ್ಪಿಲ್ಲದೆ ಅವನು ಓದುವುದನ್ನು ಕೇಳಿ ಸೈದಪ್ಪ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಪ್ರಫುಲ್ಲಾಳಿಗೆ ತಾನು ಕೇಳಿದ್ದರ ಅರ್ಧ ಉತ್ತರ ಎದುರಿಗೇ ನಿಂತಂತೆ ಕಂಡಿತು. ದೇವಾಲಯಕ್ಕೆ ಮೊದಲು ಅದರ ಅಯ್ಯನವರನ್ನು, ಪಾಸ್ಟರನ್ನೇ, ದೇವರು ಕಳಿಸಿದ್ದಾನೆ!

ಹನ್ನೆರಡನೆಯ ತರಗತಿ ಮುಗಿದ ಮೇಲೆ ಮಯೂರ ದೇವರ ಸೇವೆಗೆ ಹೋಗುತ್ತೇನೆಂದ. ಕರ್ನಾಟಕದ ಒಂದು ಬೈಬಲ್ ಶಾಲೆಗೆ ಅವಳೇ ಓಡಾಡಿ ಸೇರಿಸಿದಳು. ರಜೆಗೆ ಬಂದಾಗಲೆಲ್ಲ ಅವನು ಮೊದಲು ಕಳವಾ ಸ್ಟೇಷನ್ನಿನಲ್ಲಿಳಿದು, ಅವಳ ಕೈಯ ಮೀನುಸಾರು ಉಂಡು, ಆಮೇಲೆ ತುರ್ಭೆಗೆ ಹೋಗುತ್ತಿದ್ದ.

ಇತ್ತ ಕೂಟಕ್ಕೆ ರಮಾಕಾಂತ ಸಾಲಿನ್ಸ್ ಎಂಬ ಹಿರಿಯರು ಬರತೊಡಗಿದ್ದರು. ಉಡುಪಿಯವರು, ಹೆಂಡತಿ ತೀರಿಹೋಗಿದ್ದಳು, ಒಬ್ಬಳೇ ಮಗಳು ಕೆನಡಾದಲ್ಲಿ. ತುರ್ಭೆಯ ಕಾರ್ಖಾನೆಗಳ ಸಾಲಿನಲ್ಲಿ ಅವರದೊಂದು ಸಣ್ಣ ಪ್ರೆಸ್ಸು. ಡಬ್ಬಿಗಳ ಲೇಬಲ್ಲು, ಮದುವೆ ಕಾಗದ ಛಾಪಿಸುತ್ತಿದ್ದರು. ಕಣ್ಣು ಮಂಜಾಗಿ ಪ್ರೆಸ್ಸು ಮುಚ್ಚಿದರು. ಎರಡು ಸಾವಿರದ ಹತ್ತರ ಬೇಸಿಗೆಯಲ್ಲಿ ಒಂದು ಭಾನುವಾರ, ಎಲ್ಲರೂ ಹೋದ ಮೇಲೆ, ಅವರು ಕುರ್ಚಿಯಿಂದ ಏಳಲಿಲ್ಲ.

"ಪ್ರಫುಲ್ಲಾ, ಆ ಶೆಡ್ಡು ನೋಡಿದ್ದಿಯಲ್ಲ? ಮಷಿನು ತೆಗೆದರೆ ನೂರು ಜನ ಕೂರಬಹುದು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಸ್ಟೂಲು ಎಳೆದುಕೊಂಡು ಅವರ ಎದುರು ಕೂತಳು.

"ಮಗಳು ಮಾರಿ ಅಂತಾಳೆ. ನನಗೆ ಮಾರುವುದಕ್ಕೆ ಮನಸ್ಸಿಲ್ಲ. ಆದರೆ ಒಂದು ಮಾತುಂಟು. ಅಲ್ಲಿ ಭಾನುವಾರ ಕನ್ನಡದ ಆರಾಧನೆ ನಿಲ್ಲಬಾರದು. ಉಳಿದ ದಿನ ಯಾರು ಯಾವ ಭಾಷೆಯಲ್ಲಿ ಬೇಕಾದರೂ ಕೂಗಲಿ. ನಿನ್ನ ಹೆಸರಿಗೇ ಮಾಡಿಕೊಡ್ತೇನೆ."

"ನನ್ನ ಹೆಸರು ಎಂತಕ್ಕೆ ಮಾಮ? ನಾನೂ ಹಣ್ಣಾಗುತ್ತಾ ಬಂದೆ. ಮಯೂರ ಬರ್ತಾನಲ್ಲ, ಟ್ರಸ್ಟು ಮಾಡಿ ಅವನನ್ನೇ ಮುಂದೆ ನಿಲ್ಲಿಸಿ. ನಮ್ಮ ಹುಡುಗ."

ರಮಾಕಾಂತರು ಕನ್ನಡಕ ತೆಗೆದು ಒರೆಸಿದರು. "ಅವನು ನಡೆಸಿಕೊಂಡು ಹೋಗ್ತಾನಾ?"

"ಅವನಿಗೆ ನಾನು ಜವಾಬು," ಎಂದಳು ಪ್ರಫುಲ್ಲಾ.

ಮಯೂರನನ್ನು ಕರೆಸಿ, ಭಾನುವಾರದ ಷರತ್ತು ಹೇಳಿ ಕೇಳಿದರು. ಅವನು ರಮಾಕಾಂತರ ಕಾಲು ಮುಟ್ಟಿ, "ಅಜ್ಜಾರೇ, ನೀವು ಹೇಳಿದಂಗೇ," ಎಂದ.

ಟ್ರಸ್ಟಿನ ಕಾಗದದಲ್ಲಿ ಅವನೇ ಮುಖ್ಯಸ್ಥನಾದ; ಷರತ್ತು ಬಾಯಿಮಾತಿನಲ್ಲೇ ಉಳಿಯಿತು. ಆ ಡಿಸೆಂಬರಿನಲ್ಲಿ ಶೆಡ್ಡಿನ ಬಾಗಿಲು ತೆರೆಯಿತು. ಸೈದಪ್ಪನ ಹಮಾಲಿ ಗೆಳೆಯರು ಮಷಿನುಗಳನ್ನು ಎತ್ತಿ ಸಾಗಿಸಿ, ಶಾಯಿಯ ಕಲೆಗಳ ಮೇಲೆ ಸುಣ್ಣ ಬಳಿದಿದ್ದರು. ಡೊಂಬಿವಲಿ, ವಿಠ್ಠಲವಾಡಿಯಿಂದಲೂ ಕನ್ನಡದ ಕ್ರೈಸ್ತರು ಮಕ್ಕಳು ಮರಿ ಕಟ್ಟಿಕೊಂಡು ಬಂದರು. ಇಷ್ಟು ಜನ ಇದ್ದೇವೆಂದು ಅವರಿಗೇ ಗೊತ್ತಿರಲಿಲ್ಲ. ನಳಿನಿಯೂ ರೇಷ್ಮೆಸೀರೆ ಉಟ್ಟು ಬಂದಿದ್ದಳು. "ತಂದೇಬಿಟ್ರಲ್ಲ ಕಣ್ರೀ," ಎಂದು ಕಿವಿಯಲ್ಲಿ ಹೇಳಿದಳು. ಹಾಡು ಎದ್ದಾಗ ತಗಡಿನ ಮಾಡು ನಡುಗಿತು. ಪ್ರಫುಲ್ಲಾಳಿಗೆ ಹಾಡಲಾಗಲಿಲ್ಲ. ಬಾಯಿ ತೆರೆದರೆ ಅಳುವೇ ಬರುತ್ತಿತ್ತು. ಅಕ್ಕಪಕ್ಕ, ಹಿಂದೆ ಮುಂದೆ ಕನ್ನಡದ ಹಾಡು ತಾನಾಗಿ ನಡೆಯುತ್ತಿತ್ತು; ಅವಳ ದನಿ ಸೇರದಿದ್ದರೂ ಕೊರತೆಯಿರಲಿಲ್ಲ.

ಎರಡು ವರ್ಷ ಚೆನ್ನಾಗಿ ನಡೆಯಿತು. ಮಯೂರ ಊರೂರು ತಿರುಗಿದ, ಕಾಯಿಲೆಯವರ ಮನೆಗೆ ಹೋದ, ಕುಡುಕರ ಕುಡಿತ ಬಿಡಿಸಿದ. ಅವನ ಪ್ರಸಂಗ, ಉಪದೇಶ ಕೇಳಲು ಕನ್ನಡ ಬಾರದವರೂ ಬರತೊಡಗಿದರು. ಅವರಿಗಾಗಿ ಒಂದೆರಡು ಹಿಂದಿ ಹಾಡು ಸೇರಿತು. ಪ್ರಫುಲ್ಲಾಳೇ, "ಹಾಡಲಿ, ಯಾರಿಗೆ ಬೇಡ?" ಎಂದಳು. ಆಮೇಲೆ ಕೀಬೋರ್ಡು ಬಂತು, ದೊಡ್ಡ ಸ್ಪೀಕರು ಬಂತು. ಢೋಲಕಿ ಮೂಲೆ ಸೇರಿತು. ರಮಾಕಾಂತರು ಹಾಸಿಗೆ ಹಿಡಿದರು. ಅವಳು ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದಳು. "ಹಾಡು ನಡೀತಾ ಉಂಟಾ?" ಎಂದು ಅವರು ಕೇಳುವರು. "ಉಂಟು ಮಾಮ," ಎನ್ನುವಳು. ಅಷ್ಟು ಕೇಳಿಯೇ ಅವರು ಕಣ್ಣು ಮುಚ್ಚಿದರು.

ಅವರನ್ನು ಹೂಳಿ ಹೆಚ್ಚು ದಿನವಾಗಿರಲಿಲ್ಲ. ಕನ್ನಡದ ಆರಾಧನೆ ಬೆಳಿಗ್ಗೆಯಿಂದ ಮಧ್ಯಾಹ್ನ ಮೂರಕ್ಕೆ ಸರಿಯಿತು. ಬೆಳಗಿನ ಹೊತ್ತು ಹಿಂದಿ ಮತ್ತು ಇಂಗ್ಲಿಷಿಗೆ. ಬಿಸಿಲಿಗೆ ತಗಡು ಕಾದು ಮುದುಕರಿಗೆ ತಲೆ ಸುತ್ತುತ್ತಿತ್ತು. ಜನ ಕಡಿಮೆಯಾದರು. ಕಡಿಮೆಯಾದರೆಂದು ತಿಂಗಳಿಗೊಮ್ಮೆ ಆಯಿತು. ಅಷ್ಟರಲ್ಲಿ ಖಾರ್ಘರ್ ಕಡೆಯ ಒಂದು ದೊಡ್ಡ ಮಿನಿಸ್ಟ್ರಿ, ಅಂದರೆ ಸುವಾರ್ತೆಯ ಸಂಸ್ಥೆ, ಮಯೂರನನ್ನು ತಮ್ಮೊಂದಿಗೆ ಸೇರಿಕೋ ಎಂದು ಕರೆಯಿತು. ಶೆಡ್ಡು ಹೊಸದಾಗುತ್ತದೆ, ಏಸಿ ಬರುತ್ತದೆ, ಗುಡ್ಡದ ಮಕ್ಕಳಿಗೆ ಟ್ಯೂಷನ್ ನಡೆಯುತ್ತದೆ. ಕನ್ನಡದ ಆರಾಧನೆ ಮಾತ್ರ ಇರುವುದಿಲ್ಲ.

ಸಭೆ ಕೂಡಿಸಿ ಒಪ್ಪಿಗೆ ಕೇಳಿದರು. ಪ್ರಫುಲ್ಲಾ ಎದ್ದು ನಿಂತು ರಮಾಕಾಂತರಿಗೆ ಕೊಟ್ಟ ಮಾತು ಹೇಳಿದಳು. ಮಯೂರ ನಗುತ್ತಲೇ, "ಆಂಟಿ, ಅಜ್ಜಾರ ಮನಸ್ಸು ದೊಡ್ಡದಿತ್ತು. ಆತ್ಮಗಳಿಗಿ ರಕ್ಷಣಾ ಸಿಕ್ರ ಅವ್ರು ಮ್ಯಾಲಿಂದ ಖುಷಿನೇ ಆಗ್ತಾರ," ಎಂದ. "ಒಪ್ಪುವವರು ಕೈ ಎತ್ತಿ."

ಹುಡುಗರ ಕೈಗಳು ಎದ್ದವು. ಹೊಸಬರ ಕೈಗಳು ಎದ್ದವು. ಪ್ರಫುಲ್ಲಾ ತಿರುಗಿ ಸೈದಪ್ಪನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಮೂಟೆ ಹೊತ್ತು ಗಂಟುಗಟ್ಟಿದ ಅವನ ಬಲಗೈ ಮೆಲ್ಲಗೆ, ಭುಜದ ಮಟ್ಟಕ್ಕೆ, ಮೇಲೆದ್ದಿತು.

ಮಯೂರ ಅವಳ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಅವನು ಕೈ ಬಿಟ್ಟದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಸೈದಪ್ಪನ ಆ ಕೈ ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಆದರೂ ಹೊಸ ಕಟ್ಟಡ ತೆರೆದ ದಿನ ಹೋದಳು. ಕರೆದಿದ್ದರು, ಹೋಗದಿದ್ದರೆ ಹೊಟ್ಟೆಕಿಚ್ಚು ಅಂದಾರು. ಬಣ್ಣದ ದೀಪಗಳ ಕೆಳಗೆ ಮಯೂರ ಕೋಟು ಹಾಕಿ ನಿಂತು ದೇವರು ತನಗೆ ಮಾಡಿದ್ದರ ಸಾಕ್ಷಿಯನ್ನು ಇಂಗ್ಲಿಷಿನಲ್ಲಿ ಹೇಳಿದ. ಒಬ್ಬಳು ಹುಡುಗಿ ಹಿಂದಿಗೆ ತಿರುಗಿಸುತ್ತಿದ್ದಳು. ನಾನು ಚಿಕ್ಕವನಿದ್ದಾಗ ಥಾಣೆಯಲ್ಲಿ, ಮಳೆಯಲ್ಲಿ, ಒಂದು ಹೆಣ ಹೂಳುವುದನ್ನು ನೋಡಿದೆ. ಒಬ್ಬ ಮುದುಕಿ ಕೊಡೆ ಹಿಡಿದು, ಅವರೇನು ಹೇಳಿದರು ಎಂದು ಕೇಳುತ್ತಿದ್ದಳು. ಅಂದೇ ದೇವರು ನನಗೊಂದು ಕನಸು ಕೊಟ್ಟ, ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಒಂದು ಆಲಯ ಕಟ್ಟು ಎಂದ. ಜನ ನಕ್ಕರು. ನಾನು ನಂಬಿದೆ. ಇಗೋ, ನೋಡಿ!

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಕ್ಕಪಕ್ಕದವರು ಎದ್ದಿದ್ದರಿಂದ ಪ್ರಫುಲ್ಲಾಳೂ ಎದ್ದಳು. ಹಾಗೆ ಎದ್ದವಳು ಕೂರಲಿಲ್ಲ. ಸಾಲಿನಿಂದ ಸರಿದು ಹೊರಗೆ ಬಂದು, ಚಪ್ಪಲಿ ಮೆಟ್ಟಿ, ಸ್ಟೇಷನ್ನಿಗೆ ನಡೆದಳು.

ಆಮೇಲೆ ಅವಳು ಎಲ್ಲಿಗೂ ಹೋಗಲಿಲ್ಲ. ಕಂಪನಿಯಲ್ಲಿ ಹೊಸ ಯಂತ್ರ ಬಂದು ಅವಳ ಕುರ್ಚಿಯೂ ಹೋಗಿತ್ತು. ಭಾನುವಾರ ಬಟ್ಟೆ ಒಗೆದಳು, ಶುಕ್ರವಾರ ಮಧ್ಯಾಹ್ನ ಹೊಟ್ಟೆ ತುಂಬ ಉಂಡಳು. ಪ್ರಾರ್ಥನೆ ಬಿಟ್ಟಳೆಂದಲ್ಲ, ಮಲಗುವ ಮುಂಚೆ ಬಾಯಿಪಾಠ ಹೇಳುವಳು. ಏನನ್ನೂ ಕೇಳುತ್ತಿರಲಿಲ್ಲ.

ಒಂದು ವರ್ಷ ಕಳೆದ ಮೇಲೆ ಸೈದಪ್ಪ ಬಾಗಿಲಲ್ಲಿ ಬಂದು ನಿಂತ. ಒಳಗೆ ಬಾ ಎನ್ನಲಿಲ್ಲ ಅವಳು. ಅವನು ಹೊಸ್ತಿಲ ಹೊರಗೇ ಕುಕ್ಕರುಗಾಲಲ್ಲಿ ಕೂತ.

"ಮಗ ಅಲ್ರಿ ಅಕ್ಕಾ. ನಾ ಮೂಟಿ ಹೊತ್ತೀನಿ, ಅವ ಕೋಟ್ ಹಾಕ್ಯಾನ. ಹತ್ತು ಮಂದಿ ನಡುವ ನಾನೇ ಅವ್ನ ಮಾತ ಹ್ಯಾಂಗ ಕೆಡಿಸ್ಲಿ?"

"ನನ್ನ ಮಾತು ಕೆಡಿಸಿದಿಯಲ್ಲ."

"ಕೆಡಿಸ್ದೆ," ಎಂದ ಸೈದಪ್ಪ. "ಅಲ್ಲಿ ಹೋಗಿ ಕುಂಡರ್ತೀನ್ರಿ. ಎಲ್ಲಾರೂ ಕೈ ಎತ್ತಿದ್ರ ಎತ್ತತೀನಿ, ಕುಣದ್ರ ಕುಣೀತೀನಿ. ಅವ ಇಂಗ್ಲಿಷದಾಗ ಏನ್ ಹೇಳ್ತಾನ ಒಂದೂ ತಿಳಿಯಂಗಿಲ್ಲ."

ಅವಳಿಗೆ ಕನಿಕರ ಬಂತೆಂದು ಹೇಳಿದರೆ ಸುಳ್ಳಾದೀತು. ಸಿಟ್ಟು ಇದ್ದೇ ಇತ್ತು. ಆದರೆ ಬಿಸಿಲಲ್ಲಿ ಕೂತವನನ್ನು ಎಷ್ಟು ಹೊತ್ತೆಂದು ನೋಡುವುದು? "ಒಳಗೆ ಬಾ," ಎಂದಳು. ಅಂದಿನಿಂದ ಅವನು ಆಗಾಗ ಬರುತ್ತಿದ್ದ. ಇಬ್ಬರೂ ಹಾಡುತ್ತಿರಲಿಲ್ಲ, ಚಹಾ ಕುಡಿಯುತ್ತಿದ್ದರು, ಮಂಡಿನೋವಿನ ಮಾತಾಡುತ್ತಿದ್ದರು.

ಎರಡು ಸಾವಿರದ ಹದಿನಾರರಲ್ಲಿ ಮಯೂರನೇ ಬಂದ. ಜೊತೆಗೆ ಕ್ಯಾಮೆರಾ ಹಿಡಿದ ಒಬ್ಬ ಯುವಕ. ಚರ್ಚಿನ ಮೇಲೆ ಒಂದು ಚಿಕ್ಕ ಫಿಲ್ಮು ಮಾಡುತ್ತಿದ್ದಾರಂತೆ. ಮೊದಲಿನಿಂದ ಇದ್ದ ಆಂಟಿ ಎರಡು ಮಾತು ಹೇಳಬೇಕಂತೆ, ಅಸಾಧ್ಯವಾದುದನ್ನು ದೇವರು ಹೇಗೆ ಮಾಡಿದನೆಂದು. ಅವಳು ಚಹಾಕ್ಕಿಟ್ಟಳು. ಕ್ಯಾಮೆರಾದವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಕಪ್ಪು ಕೊಟ್ಟು ಬಂದು, ಮಯೂರನ ಎದುರು ಕೂತಳು.

"ಶೇಖರನನ್ನು ಹೂಳುವಾಗ ನೀನೆಲ್ಲಿದ್ದೆ ಮಯೂರ?"

ಅವನ ಮುಖ ಕೆಂಪಾಯಿತು. "ಆಂಟಿ, ಜನರಿಗೆ ಸ್ಟೋರಿ ಬೇಕಾಗ್ತದ. ಪ್ರಭು ಕಾ ಕಾಮ್ ಹೈ ನಾ, ದೇವರ ಕೆಲ್ಸ, ಯಾರ ಬಾಯಿಂದ ಬಂದ್ರೇನು?"

"ಆಯ್ತು. ಅದನ್ನು ಇಟ್ಕೋ. ರಮಾಕಾಂತ ಮಾಮನಿಗೆ ಹೂಂ ಅಂದದ್ದು ಎಂತಕ್ಕೆ?"

ಮಯೂರ ಕಪ್ಪು ಕೆಳಗಿಟ್ಟ. ಆಮೇಲೆ ಮಾತಾಡಿದಾಗ ಅವನ ದನಿಯಲ್ಲಿ ವೇದಿಕೆಯ ಗತ್ತು ಇರಲಿಲ್ಲ.

"ಸಚ್ ಬೋಲೂಂ? ಖರೆ ಹೇಳ್ಲಿ? ನಂಗ ಕನ್ನಡದಾಗ ಪ್ರಾರ್ಥನಾ ಬರಂಗೇ ಇಲ್ಲ ಆಂಟಿ. ನೀವ್ ಕಲಿಸೀರಿ, ಓದ್ತೀನಿ. ಬಾಯಿ ಓದ್ತದ, ಒಳಗ ಹಿಂದಿನೇ ಓಡ್ತದ. ಸಣ್ಣಾವ ಇದ್ದಾಗ್ಲಿಂದ ಹಂಗೇ. ಯಾವತ್ತೂ ಬಂದೇ ಇಲ್ಲ."

ಪ್ರಫುಲ್ಲಾಳಿಗೆ ಒಂದು ಕ್ಷಣ ಅವನ ಮೇಲೆ ಕರುಣೆ ಉಕ್ಕಿತು. ತನ್ನ ಅತ್ತೆಯ ಹಾಗೆ ಇವನೂ ತಿಳಿಯದ ಮಾತಿನ ನಡುವೆ ನಿಂತಿದ್ದನೇ ಇಷ್ಟು ವರ್ಷ? ಅವಳ ಖೋಲಿಯಲ್ಲೇ? "ಅದನ್ನು ಆವತ್ತೇ ಹೇಳಬಹುದಿತ್ತಲ್ಲ ಮಗಾ. ಮಾಮ ಎದುರಿಗೇ ಕೂತು ಕೇಳಿದರಲ್ಲ."

"ಹೇಳಿದ್ರ ಅವ್ರು ಜಾಗ ಕೊಡ್ತಿರ್ಲಿಲ್ಲ," ಎಂದ ಮಯೂರ.

ಅಷ್ಟೇ. ಅವನು ಅದನ್ನು ನಾಚಿಕೆಯಿಂದಲೂ ಹೇಳಲಿಲ್ಲ, ಸೊಕ್ಕಿನಿಂದಲೂ ಹೇಳಲಿಲ್ಲ. ಮಳೆ ಬರುತ್ತಿತ್ತು, ಕೊಡೆ ತಗೊಂಡೆ ಎಂಬಂತೆ ಹೇಳಿದ. ಉಕ್ಕಿದ ಕರುಣೆ ಅಲ್ಲೇ ಇಂಗಿಹೋಯಿತು. ಬರುಬರುತ್ತ ಕೆಟ್ಟನೆಂದು ಅವಳು ತಿಳಿದಿದ್ದಳು; ದೊಡ್ಡವರ ಸಹವಾಸ, ವಯಸ್ಸಿನ ಹುರುಪು ಎಂದು ಏನೇನೋ ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡಿದ್ದಳು. ಹಾಗಲ್ಲ. ರಮಾಕಾಂತರ ಕಾಲು ಮುಟ್ಟಿದ ಆ ದಿನವೇ ಅವನಿಗೆ ಎಲ್ಲ ಗೊತ್ತಿತ್ತು.

"ಫಿಲ್ಮಿನಲ್ಲಿ ನಾನು ಮಾತಾಡುವುದಿಲ್ಲ," ಎಂದಳು. "ಚಹಾ ಆರ್ತದೆ, ಕುಡಿ."

ಅವನು ಕುಡಿದು, ತಲೆ ಬಗ್ಗಿಸಿ, ಹೋದ.

ಬಾಗಿಲು ಹಾಕಿ ಪ್ರಫುಲ್ಲಾ ಮಂಚದ ಮೇಲೆ ಕೂತಳು. ಕಣ್ಣೀರು ಬರಲಿಲ್ಲ. ಕೈ ಜೋಡಿಸಲಿಲ್ಲ. ಎದುರಿಗೆ ಯಾರೋ ಕೂತಿರುವ ಹಾಗೆ, ತುಳುವಿನಲ್ಲಿ, ಜಗಳದ ದನಿಯಲ್ಲಿ, ದೇವರಿಗೆ ಹೇಳಿದಳು: ಅವನು ಹೇಳಲಿಲ್ಲ, ಆಯಿತು, ಅವನು ಮನುಷ್ಯ. ನಿನಗೆ ಗೊತ್ತಿತ್ತಲ್ಲ? ನಾನು ಶುಕ್ರವಾರ ಹಸಿದು ಕೂತಾಗ ನಿನಗೆ ಗೊತ್ತಿತ್ತು. ಅವನಿಗೆ ನಾನು ಜವಾಬು ಅಂದಾಗ ಗೊತ್ತಿತ್ತು. ಕೇಳಿದ್ದನ್ನು ಕೊಟ್ಟೆ, ಕೊಟ್ಟ ಕೈಯಿಂದಲೇ ಕಿತ್ತುಕೊಂಡೆ. ಕೊಡದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಕಾರ್‌ಶೆಡ್ಡಿನಿಂದ ಒಂದು ಖಾಲಿ ಗಾಡಿ ಕೂಗಿಕೊಂಡು ಹೊರಬಿತ್ತು.   ಎಷ್ಟೋ ಕಾಲದ ನಂತರ ದೇವರೊಡನೆ ಬಾಯಿಪಾಠ ಬಿಟ್ಟು ಸ್ವಂತ ಮಾತಾಡಿದ್ದಳು, ಅಷ್ಟು ಮಾತ್ರ ನಿಜ.

ಸಂಜೆ ಸೈದಪ್ಪ ಬಂದ. ಮುಖದಲ್ಲಿ ಹಬ್ಬ. "ಮಯೂರ ಬಂದಿದ್ನಂತಲ್ರಿ ಅಕ್ಕಾ? ನಿಮ್ಮ ಮನಿಗಿ ಹೋಗ್ತೀನಿ ಅಂತ ಫೋನ್ ಮಾಡಿದ್ದ. ಏನಂದ?"

ಪ್ರಫುಲ್ಲಾ ಅವನನ್ನು ನೋಡಿದಳು. ಹೇಳಿಬಿಡಬಹುದಿತ್ತು. ಒಂದು ವಾಕ್ಯ ಸಾಕಿತ್ತು, ಈ ಮುದುಕನ ಮುಖದ ಬೆಳಕು ಆರಿಹೋಗಲು. ಅವನು ಎತ್ತಿದ ಕೈಗೆ ಲೆಕ್ಕ ಚುಕ್ತವಾಗುತ್ತಿತ್ತು.

"ಎಂತ ಅಂತಾನೆ," ಎಂದಳು. "ಆರಾಮ ಇದ್ದಾನೆ. ಚಹಾ ಕುಡಿದು ಹೋದ."

"ಕುಡದ್ನಾ?" ಸೈದಪ್ಪ ಹಿಗ್ಗಿ, ಗೋಡೆಗೊರಗಿ ಕೂತ. "ನಮ್ಮನ್ಯಾಗ ಈಗ ಕುಡಿಯಂಗಿಲ್ರಿ. ಶುಗರ್ ಅದ ಅಂತಾನ."

ಅವಳು ಒಲೆಯ ಹತ್ತಿರ ಹೋಗಿ ಮತ್ತೆ ಚಹಾಕ್ಕೆ ನೀರಿಟ್ಟಳು.